ನೂರು ಟನ್ ಸರ್ಟಿಫಿಕೇಟಿನಲ್ಲಿ ಹೊಗೆ ಎಷ್ಟು ಕಡಿಮೆಯಾಯಿತು? ಬೆಂಗಳೂರಿನ ಸ್ಟಾರ್ಟ್‌ಅಪ್ ಸ್ಥಾಪಕರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಸ್ಟಾರ್ಟ್‌ಅಪ್ ಸ್ಥಾಪಕರೇ,

ನಮಸ್ಕಾರ.

ನಿಮ್ಮಲ್ಲಿ ಹಲವರ ವೆಬ್‌ಸೈಟಿನ ಅಡಿಯಲ್ಲಿ, ಆ್ಯಪಿನ ಬಿಲ್ಲಿನ ಕೊನೆಯಲ್ಲಿ ಈಚೆಗೆ ಒಂದು ಹಸಿರು ಎಲೆ ಕಾಣಿಸಿಕೊಳ್ಳುತ್ತಿದೆ. ಅದರ ಪಕ್ಕ ‘ನಾವು ಕಾರ್ಬನ್ ನ್ಯೂಟ್ರಲ್’ ಎಂಬ ಸಾಲು, ಅಂದರೆ ನಮ್ಮ ಹೊಗೆ ಲೆಕ್ಕಕ್ಕೆ ಸೊನ್ನೆ ಅಂತ. ಸಣ್ಣ ಕಂಪನಿಗಳ ಕರೆಂಟು, ಡೀಸೆಲ್ಲು, ಪ್ರಯಾಣದ ಲೆಕ್ಕ ತೆಗೆದುಕೊಡುವುದು ನನ್ನ ಹೊಟ್ಟೆಪಾಡಿನ ಕೆಲಸ. ಹಾಗಾಗಿ ಈ ಎಲೆ ಯಾವ ಗಿಡದ್ದು ಅಂತ ಕೇಳುವ ಚಾಳಿ ಬಿದ್ದಿದೆ. ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: “ಆಫ್‌ಸೆಟ್ ತಗೊಂಡಿದ್ದೀವಿ ಸಾರ್, ಸರ್ಟಿಫಿಕೇಟ್ ಇದೆ.” ಆಫ್‌ಸೆಟ್ ಅಂದರೆ ನಮ್ಮ ಹೊಗೆಗೆ ಬದಲಾಗಿ, ಬೇರೆಲ್ಲೋ ತಗ್ಗಿಸಿದ ಹೊಗೆಯನ್ನು ಟನ್ ಲೆಕ್ಕದಲ್ಲಿ ಕೊಳ್ಳುವುದು. ಹಾಗೆ ಮಾರುವ ಒಂದೊಂದು ಟನ್ನಿಗೂ ಕ್ರೆಡಿಟ್ ಅನ್ನುತ್ತಾರೆ. ಸರ್ಟಿಫಿಕೇಟ್ ಇರುವುದು ನಿಜ. ಅದನ್ನು ಓದಿದವರು ಎಷ್ಟು ಜನ ಅನ್ನುವುದೇ ನನ್ನ ಅನುಮಾನ.

ಮೊದಲು ಲೆಕ್ಕ ನೋಡೋಣ. ಎಚ್‌ಎಸ್‌ಆರ್ ಲೇಔಟಿನಲ್ಲೋ ಇಂದಿರಾನಗರದಲ್ಲೋ ನಲವತ್ತು ಜನ ಕೂರುವ ಒಂದು ಕಚೇರಿ ಅಂದುಕೊಳ್ಳಿ. ತಿಂಗಳಿಗೆ ಎಂಟು ಸಾವಿರ ಯೂನಿಟ್ ಕರೆಂಟು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದ ಪ್ರಕಾರ ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ 0.7 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ವರ್ಷಕ್ಕೆ 67 ಟನ್ ಆಯಿತು. ಜನರೇಟರಿಗೆ ತಿಂಗಳಿಗೆ ಇನ್ನೂರು ಲೀಟರ್ ಡೀಸೆಲ್ ಸುಟ್ಟರೆ, ಲೀಟರಿಗೆ 2.7 ಕಿಲೋದಂತೆ ಇನ್ನೊಂದು ಆರೂವರೆ ಟನ್. ದೆಹಲಿ, ಮುಂಬೈ ವಿಮಾನದ ಓಡಾಟ, ಚಿಲ್ಲರೆಪಲ್ಲರೆ ಎಲ್ಲ ಸೇರಿಸಿ ನೂರು ಟನ್ ಅಂತ ಇಟ್ಟುಕೊಳ್ಳಿ. ಈಗ ಮಾರುಕಟ್ಟೆಗೆ ಹೋಗಿ. ಹಳೆಯ ಗಾಳಿ, ಸೌರ, ಜಲವಿದ್ಯುತ್ ಯೋಜನೆಗಳ ಕ್ರೆಡಿಟ್ ಟನ್ನಿಗೆ ಒಂದೆರಡು ಡಾಲರಿಗೆ ಸಿಗುತ್ತದೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ. ಹನ್ನೆರಡು ಹದಿನೈದು ಸಾವಿರ ರೂಪಾಯಿಯಲ್ಲಿ ನೂರು ಟನ್ ಮುಗಿಯಿತು. ಇಡೀ ವರ್ಷದ ಹೊಗೆಗೆ ನೀವು ಕೊಟ್ಟ ಬೆಲೆ ನಿಮ್ಮ ತಂಡದ ಒಂದು ಸಂಜೆಯ ಊಟದ ಬಿಲ್ಲಿಗಿಂತ ಕಡಿಮೆ. ಇಷ್ಟು ಅಗ್ಗದಲ್ಲಿ ಹೊಗೆ ಮಾಯವಾಗುವುದಾದರೆ ಹವಾಮಾನದ ಚಿಂತೆ ಯಾವತ್ತೋ ಮುಗಿದಿರಬೇಕಿತ್ತು.

ಆ ಸರ್ಟಿಫಿಕೇಟನ್ನು ಒಮ್ಮೆ ತೆರೆದು ನೋಡಿ. ನಿಮ್ಮ ಕಂಪನಿಯ ಹೆಸರು ದಪ್ಪಕ್ಷರದಲ್ಲಿರುತ್ತದೆ, ಅದರ ಕೆಳಗೆ ಉದ್ದನೆಯ ಒಂದು ಸೀರಿಯಲ್ ನಂಬರು. ಆ ನಂಬರಿನೊಳಗೆ, ಇಲ್ಲವೇ ಅದರ ಆಸುಪಾಸಿನಲ್ಲಿ, ಎರಡು ವಿವರ ಅಡಗಿವೆ: ಯೋಜನೆಯ ಸಂಖ್ಯೆ ಮತ್ತು ವಿಂಟೇಜ್, ಅಂದರೆ ಆ ಟನ್ ಯಾವ ವರ್ಷದ್ದು ಎಂಬುದು. ಯೋಜನೆಯ ಸಂಖ್ಯೆಯನ್ನು ಕ್ರೆಡಿಟ್‌ಗಳ ಲೆಕ್ಕ ಇಡುವ ನೋಂದಣಿ ಸಂಸ್ಥೆಯ ಜಾಲತಾಣದಲ್ಲಿ ಹಾಕಿದರೆ ಪೂರ್ತಿ ಜಾತಕ ಹೊರಬರುತ್ತದೆ. ಯಾರ ಯೋಜನೆ, ಯಾವ ಊರು, ಯಾವಾಗ ಶುರುವಾಯಿತು, ಯಾರು ಪರಿಶೀಲಿಸಿದರು, ಎಲ್ಲವೂ ಬಿಟ್ಟಿಯಾಗಿ ಓದಲು ಸಿಗುತ್ತದೆ. ಹಾಗೆ ಹುಡುಕಹೊರಟರೆ ಎಷ್ಟೋ ಸಲ ಬಂದು ನಿಲ್ಲುವುದು ನಮ್ಮದೇ ರಾಜ್ಯದ ಗುಡ್ಡಗಳ ಮೇಲೆ. ಚಿತ್ರದುರ್ಗ, ಗದಗದ ಕಡೆಯ ಗಾಳಿಯಂತ್ರಗಳು ಈ ಪೇಟೆಗೆ ಹೊಸಬರಲ್ಲ. ಹೊಗೆ ತಗ್ಗಿಸಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದ 2005ರಲ್ಲಿ ಜಾರಿಗೆ ಬಂದಾಗಿನಿಂದ ಭಾರತದ ಗಾಳಿ ವಿದ್ಯುತ್ ಯೋಜನೆಗಳು ಕ್ರೆಡಿಟ್ ಹುಟ್ಟಿಸುತ್ತಲೇ ಇವೆ.

ನಾನು ಚಿತ್ರದುರ್ಗದ ಕಡೆಯವನು, ಆ ರೆಕ್ಕೆಗಳ ಮೇಲೆ ನನಗೇನೂ ಕೋಪವಿಲ್ಲ. ಅವು ತಿರುಗಿದಷ್ಟೂ ಕಲ್ಲಿದ್ದಲು ಉಳಿಯುತ್ತದೆ. ನನ್ನ ತಕರಾರು ಬೇರೆ. ನೀವು ಕೊಟ್ಟ ದುಡ್ಡಿನಿಂದ ಅವು ಎದ್ದು ನಿಂತವೇ? ಆಫ್‌ಸೆಟ್ಟಿನ ಪ್ರಪಂಚದಲ್ಲಿ ಇದಕ್ಕೆ ಅಡಿಷನಾಲಿಟಿ ಅನ್ನುತ್ತಾರೆ. ಕ್ರೆಡಿಟ್ಟಿನ ಹಣ ಬರದೇ ಹೋಗಿದ್ದರೆ ಈ ಕೆಲಸ ಆಗುತ್ತಿರಲಿಲ್ಲ ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ನೀವು ಕೊಂಡ ಟನ್ ಬರೀ ಕಾಗದ, ನಿಮ್ಮ ಜನರೇಟರಿನ ಹೊಗೆ ಮಾತ್ರ ಅಸಲಿ.

ಗಾಳಿಯಂತ್ರಗಳು ಯಾಕೆ ಬಂದವು ಅನ್ನುವುದನ್ನು ಚಾರ್ಟರ್ಡ್ ಅಕೌಂಟೆಂಟರನ್ನು ಕೇಳಿದರೆ ಚೆನ್ನಾಗಿ ಹೇಳುತ್ತಾರೆ. 1990ರ ದಶಕದಲ್ಲಿ ಗಾಳಿಯಂತ್ರದ ಬೆಲೆಯನ್ನು ಮೊದಲ ವರ್ಷದಲ್ಲೇ ನೂರಕ್ಕೆ ನೂರು ಸವಕಳಿ ಅಂತ ತೋರಿಸಿ ಆದಾಯ ತೆರಿಗೆ ಉಳಿಸಬಹುದಿತ್ತು. ಮುಂದೆ ಅದು ಶೇ 80ಕ್ಕೆ ಇಳಿಯಿತು. 2012ರಲ್ಲಿ ಆ ಸೌಲಭ್ಯ ತೆಗೆದರು, 2014ರಲ್ಲಿ ಮತ್ತೆ ಕೊಟ್ಟರು, 2017ರಿಂದ ಶೇ 40 ಮಾಡಿದರು. ಬೇರೆ ವ್ಯಾಪಾರದಲ್ಲಿ ಒಳ್ಳೆಯ ಲಾಭ ಮಾಡಿದವರಿಗೆ ಇದು ಹೇಳಿಮಾಡಿಸಿದಂಥ ದಾರಿ. ಸೆಪ್ಟೆಂಬರ್ ಮುಗಿಯುವುದರೊಳಗೆ ಯಂತ್ರ ಚಾಲೂ ಆದರೆ ಆ ವರ್ಷದ ಸವಕಳಿ ಪೂರ್ತಿ, ತಡವಾದರೆ ಅರ್ಧ. ತೆರಿಗೆ ಕಾನೂನಿನ 180 ದಿನಗಳ ನಿಯಮ ಹಾಗಿದೆ. ಜೊತೆಗೆ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ ಖರೀದಿ ದರ, ವರ್ಷಗಟ್ಟಲೆಯ ಒಪ್ಪಂದ. ಇಷ್ಟೆಲ್ಲ ಇದ್ದಮೇಲೆ ಕಾರ್ಬನ್ ಕ್ರೆಡಿಟ್ಟಿನ ಪುಡಿಗಾಸನ್ನು ನೋಡಿ ಯಾರಾದರೂ ಗುಡ್ಡ ಹತ್ತಿದ್ದರೇ? ಕೆಲವರು ಹತ್ತಿದ್ದಿರಬಹುದು. ಭಾರತದ ಗಾಳಿ ಯೋಜನೆಗಳನ್ನೇ ಆರಿಸಿಕೊಂಡು ಕ್ರೆಡಿಟ್ ಪಡೆದವನ್ನೂ ಪಡೆಯದವನ್ನೂ ತಾಳೆ ನೋಡಿದ ಆರ್ಥಿಕ ತಜ್ಞರ ತಂಡವೊಂದು, ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇ 52ರಷ್ಟು ಹೇಗೂ ಕಟ್ಟಲ್ಪಡುತ್ತಿದ್ದ ಯೋಜನೆಗಳ ಪಾಲಾಗಿವೆ ಎಂದು ಹೇಳಿದೆ. ಕನಿಷ್ಠ ಎಂಬ ಮಾತನ್ನು ಗಮನಿಸಿ.

ಪೇಟೆಯವರಿಗೂ ಇದು ಗೊತ್ತಿಲ್ಲದ ಗುಟ್ಟೇನಲ್ಲ. 2024ರ ಆಗಸ್ಟಿನಲ್ಲಿ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಯ ಇಂಟೆಗ್ರಿಟಿ ಕೌನ್ಸಿಲ್, ನವೀಕರಿಸಬಹುದಾದ ವಿದ್ಯುತ್ತಿನ ಎಂಟು ಹಳೆಯ ಲೆಕ್ಕವಿಧಾನಗಳಿಗೆ ತನ್ನ ಗುಣಮಟ್ಟದ ಮುದ್ರೆ ಕೊಡಲು ನಿರಾಕರಿಸಿತು. ಕಾರಣ ಅದೇ, ಅಡಿಷನಾಲಿಟಿ ಸಾಲದು. ಆ ಒಂದು ತೀರ್ಮಾನದಿಂದ ಮುದ್ರೆಯಿಲ್ಲದೆ ಉಳಿದದ್ದು 23.6 ಕೋಟಿ ಕ್ರೆಡಿಟ್, ಆಗ ಬಳಕೆಯಾಗದೆ ಬಿದ್ದಿದ್ದ ಒಟ್ಟು ದಾಸ್ತಾನಿನ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಅವನ್ನು ಮಾರಬಾರದು ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಅವು ಬೆಲೆ ಇಳಿಸಿಕೊಂಡು, ವಿವರ ಕೇಳದ ಗಿರಾಕಿಯನ್ನು ಹುಡುಕುತ್ತಿವೆ. ಹೂಡಿಕೆದಾರರ ಪ್ರಶ್ನಾವಳಿಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕಾಗಿ ಅವಸರದಲ್ಲಿರುವ ಸಣ್ಣ ಕಂಪನಿಗಿಂತ ಒಳ್ಳೆಯ ಗಿರಾಕಿ ಇನ್ನಾರಿದ್ದಾರೆ?

ಹಾಗಂತ ಎಲ್ಲ ಕ್ರೆಡಿಟ್ಟೂ ಮೋಸ ಅಂತ ನಾನು ಹೇಳುವುದಿಲ್ಲ. ಬಾಗೇಪಲ್ಲಿಯ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆಯನ್ನು ನೋಡಿ. ಆಗ ಕೋಲಾರ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. ಸಣ್ಣ ರೈತರು, ಕೂಲಿಕಾರರ 5,500 ಮನೆಗಳಿಗೆ ಎರಡು ಘನ ಮೀಟರಿನ ಗ್ಯಾಸ್ ಗುಂಡಿ ಕಟ್ಟಿಸುವ ಯೋಜನೆ 2005ರಲ್ಲೇ ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆಯ ಜಾಗಕ್ಕೆ ಸಗಣಿಯ ಅನಿಲ. ಸಾಲ ಹುಟ್ಟದ, ತೆರಿಗೆ ಉಳಿಸುವ ಪ್ರಶ್ನೆಯೇ ಇಲ್ಲದ ಮನೆಗಳು ಅವು. ಹೊರಗಿನ ಹಣವಿಲ್ಲದೆ ಅಲ್ಲಿ ಗುಂಡಿ ತೋಡುವುದು ಆಗದ ಮಾತಾಗಿತ್ತು. ನೀವು ಕೊಡುವ ಒಂದೊಂದು ರೂಪಾಯಿಗೂ ಅಲ್ಲಿ ಕೆಲಸವಿದೆ. ಜೊತೆಗೆ ಲೆಕ್ಕ ಇಟ್ಟವರು ಆ ಊರುಗಳ ಸಂಘದವರೇ, ದೂರದ ದಲ್ಲಾಳಿಗಳಲ್ಲ.

ಆದರೂ ಅಲ್ಲಿಯೂ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಬರಗಾಲದಲ್ಲಿ ಹಸು ಮಾರಿದ ಮನೆಯ ಗುಂಡಿಯಲ್ಲಿ ಗ್ಯಾಸ್ ಹುಟ್ಟುವುದಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಂದಮೇಲೆ ಹಳ್ಳಿಯ ಅಡುಗೆಮನೆಯ ಲೆಕ್ಕವೇ ಬದಲಾಯಿತು. ಸಿಲಿಂಡರ್ ಇರುವ ಮನೆಯಲ್ಲಿ ಹೊಸದಾಗಿ ಗೋಬರ್ ಗ್ಯಾಸ್ ಹಾಕಿಸಿ, ‘ಇಲ್ಲದಿದ್ದರೆ ಇವರು ಪೂರ್ತಿ ಸೌದೆಯನ್ನೇ ಉರಿಸುತ್ತಿದ್ದರು’ ಎಂದು ಬರೆದರೆ ಅದು ಹತ್ತು ವರ್ಷ ಹಿಂದಿನ ಸತ್ಯ. ಒಂದು ಕಾಲಕ್ಕೆ ಅಪ್ಪಟವಾಗಿದ್ದ ಕ್ರೆಡಿಟ್ ಇನ್ನೊಂದು ಕಾಲಕ್ಕೆ ಜೊಳ್ಳಾಗಬಹುದು. ವಿಂಟೇಜ್ ನೋಡಿ ಅಂದದ್ದು ಅದಕ್ಕೇ.

ಸುಧಾರಿತ ಒಲೆಗಳದ್ದು ಇನ್ನೂ ದೊಡ್ಡ ಕತೆ. ಹೊಗೆ ಕಡಿಮೆ, ಸೌದೆ ಕಡಿಮೆ ಅನ್ನುವ ತಗಡಿನ ಒಲೆಯನ್ನು ಹಳ್ಳಿಗೆ ಹಂಚುತ್ತಾರೆ. ಒಲೆಯೊಂದಕ್ಕೆ ವರ್ಷಕ್ಕೆ ಇಷ್ಟು ಟನ್ ಅಂತ ಕ್ರೆಡಿಟ್ ಬರೆದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇಂಥ ಯೋಜನೆಗಳ ಲೆಕ್ಕ ಬಿಚ್ಚಿ ನೋಡಿದಾಗ, ತಾವು ಪರಿಶೀಲಿಸಿದ ಯೋಜನೆಗಳು ನಿಜಕ್ಕೂ ತಗ್ಗಿಸಿದ್ದಕ್ಕಿಂತ ಸರಾಸರಿ ಒಂಬತ್ತು ಪಟ್ಟು ಹೆಚ್ಚು ಕ್ರೆಡಿಟ್ ಬರೆದುಕೊಂಡಿದ್ದವು. ಎಲ್ಲಿ ಸೋರಿಕೆ? ಒಂದು, ಒಲೆ ಕೊಟ್ಟಮೇಲೆ ದಿನಾ ಅದನ್ನೇ ಹಚ್ಚುತ್ತಾರೆ ಎಂಬ ಊಹೆ. ನಮ್ಮ ಕಡೆಯ ಮನೆಗೆ ಬಂದು ನೋಡಬೇಕು. ಮುದ್ದೆ ತಿರುವುವಾಗ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಕೋಲು ಹಾಕಿ ಮೈಭಾರ ಬಿಟ್ಟು ತಿರುವಬೇಕು. ಆ ಹೊಡೆತಕ್ಕೆ ಹಗುರವಾದ ತಗಡಿನ ಒಲೆ ನಿಲ್ಲುವುದಿಲ್ಲ. ಹೊಸ ಒಲೆಯ ಮೇಲೆ ಕಾಫಿ ಕಾಯುತ್ತದೆ, ಮುದ್ದೆ ಹಳೆಯ ಮಣ್ಣಿನ ಒಲೆಯ ಮೇಲೇ ಆಗುತ್ತದೆ. ಎರಡೂ ಉರಿಯುತ್ತವೆ, ಕ್ರೆಡಿಟ್ ಮಾತ್ರ ಹಳೆಯದು ಆರಿಹೋಯಿತು ಅಂತ ಬರೆಯುತ್ತದೆ. ಇನ್ನೊಂದು, ಉರಿಸುವ ಸೌದೆಯೆಲ್ಲ ಕಾಡು ಕಡಿದೇ ಬಂದದ್ದು ಎಂಬ ಊಹೆ. ಬೇಲಿಯ ಜಾಲಿ, ತೊಗರಿ ಕಟ್ಟಿಗೆ, ತೆಂಗಿನ ಗರಿ ಉರಿಸುವವರು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಇನ್ನು ಮರ. ಸ್ಟಾರ್ಟ್‌ಅಪ್‌ಗಳಿಗೆ ಮರ ಅಂದರೆ ಬಲು ಇಷ್ಟ, ಫೋಟೋ ಚೆನ್ನಾಗಿ ಬರುತ್ತದೆ. ‘ಪ್ರತಿ ಆರ್ಡರಿಗೂ ಒಂದು ಗಿಡ’ ಅನ್ನುವ ಮುಂಚೆ ಒಂದು ಸಲ ಕೋಲಾರದ ಕಡೆ ಹೋಗಿಬನ್ನಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಇಳಿಯಿತು. ಎಷ್ಟು ಗಿಡ ಅಂತ ಎಣಿಸುವುದಾದರೆ ಅದು ಭಾರಿ ಯಶಸ್ಸು. ಅಂತರ್ಜಲದ ಪಾಡು ಏನಾಯಿತು ಅಂತ ಆ ಜಿಲ್ಲೆಯ ರೈತರನ್ನು ಕೇಳಿ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಕಾರ್ಬನ್ ಲೆಕ್ಕದಲ್ಲಿ ಮರಕ್ಕಿರುವ ತೊಡಕು ಬೇರೆಯದೂ ಇದೆ. ನಿಮ್ಮ ಡೀಸೆಲ್ಲಿನ ಇಂಗಾಲದ ಒಂದು ಭಾಗ ಸಾವಿರಾರು ವರ್ಷ ಗಾಳಿಯಲ್ಲೇ ಇರುತ್ತದೆ, ಮರ ಅಷ್ಟು ಕಾಲ ನಿಲ್ಲಬೇಕಲ್ಲ! 2021ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಬಿದ್ದ ಕಾಡ್ಗಿಚ್ಚು, ಆಫ್‌ಸೆಟ್ಟಿಗೆಂದು ಕಾಪಾಡಿಕೊಂಡಿದ್ದ ಕಾಡನ್ನೇ ಸುಟ್ಟುಹಾಕಿತು. ಕಾಡು ಕಡಿಯುವುದನ್ನು ತಪ್ಪಿಸಿದೆವು ಎನ್ನುವ ಕ್ರೆಡಿಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಖಂಡಗಳ 26 ಯೋಜನೆಗಳನ್ನು ತೂಗಿ ನೋಡಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚಿನವು ಕಾಡುನಾಶವನ್ನು ಗಣನೀಯವಾಗಿ ತಗ್ಗಿಸಿಯೇ ಇರಲಿಲ್ಲ.

ಇಷ್ಟು ಹೊತ್ತು ಹೊರಗಿನದು ಆಯಿತು. ಈಗ ನಿಮ್ಮ ಕಚೇರಿಯೊಳಗೆ ಬರೋಣ. ಆಫ್‌ಸೆಟ್ಟಿನ ಅತಿ ದೊಡ್ಡ ನಷ್ಟ ಆ ಹದಿನೈದು ಸಾವಿರ ರೂಪಾಯಿಯಲ್ಲ. ಸರ್ಟಿಫಿಕೇಟ್ ಸಿಕ್ಕಮೇಲೆ ಒಳಗೆ ನೋಡುವುದನ್ನು ನಿಲ್ಲಿಸಿಬಿಡುತ್ತೀರಿ.

ಎಸಿ ಮೆಕ್ಯಾನಿಕ್ಕನ್ನು ಯಾವತ್ತಾದರೂ ಮಾತಾಡಿಸಿದ್ದೀರಾ? ಪ್ರತಿ ಮಾರ್ಚಿನಲ್ಲಿ ಬಂದು “ಗ್ಯಾಸ್ ಕಮ್ಮಿ ಇದೆ ಸಾರ್, ಫಿಲ್ ಮಾಡ್ಬೇಕು” ಅನ್ನುತ್ತಾರಲ್ಲ, ಆ ಗ್ಯಾಸ್ ಎಲ್ಲಿಗೆ ಹೋಯಿತು ಅಂತ ಕೇಳಿದ್ದೀರಾ? ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಮ್ಮಿಯಾಗಿದೆ ಅಂದರೆ ಸೋರಿದೆ. ಆರ್-410ಎ ಎಂಬ ಗ್ಯಾಸ್ ಒಂದು ಕಿಲೋ ಸೋರಿದರೆ ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಕಚೇರಿಯ ಎಲ್ಲ ಯಂತ್ರ ಸೇರಿ ವರ್ಷಕ್ಕೆ ಮೂರು ಕಿಲೋ ತುಂಬಿಸಿದರೆ ಆರು ಟನ್, ಅಂದರೆ ಇಡೀ ವರ್ಷ ಜನರೇಟರ್ ಸುಟ್ಟ ಡೀಸೆಲ್ಲಿನಷ್ಟೇ. ನಾನು ನೋಡಿದ ಕಂಪನಿಗಳ ಕಾರ್ಬನ್ ಲೆಕ್ಕದ ಹಾಳೆಗಳಲ್ಲಿ ಈ ಸಾಲು ಇರುವುದೇ ಅಪರೂಪ. ಸೋರುವ ಜೋಡಣೆಗೆ ಬೆಸುಗೆ ಹಾಕಿಸಿದರೆ ಆಯಿತು. ಹೊಸ ಎಸಿ ಕೊಳ್ಳುವಾಗ ಆರ್-32 ಇದ್ದದ್ದನ್ನು ಆರಿಸಿದರೆ, ಸೋರಿದರೂ ಹಾನಿ ಮೂರನೇ ಒಂದು ಪಾಲು. ಈ ಟನ್ನಿಗೆ ಯಾವ ಪರಿಶೀಲಕನ ಮುದ್ರೆಯೂ ಬೇಡ. ಮುಂದಿನ ವರ್ಷ ಗ್ಯಾಸ್ ತುಂಬಿಸಿದ ಬಿಲ್ಲಿಲ್ಲ ಅನ್ನುವುದೇ ಪುರಾವೆ.

ಡೆಲಿವರಿ ನಡೆಸುವವರಿಗೆ ಇನ್ನೊಂದು ಮಾತು. ನಿಮ್ಮ ಟಿ-ಷರ್ಟ್ ಹಾಕಿಕೊಂಡು ದಿನಕ್ಕೆ ನೂರು ಕಿಲೋಮೀಟರ್ ಸ್ಕೂಟರ್ ಓಡಿಸುವ ಹುಡುಗ ಲೀಟರಿಗೆ 45ರಂತೆ ಎರಡು ಲೀಟರಿನ ಮೇಲೆ ಪೆಟ್ರೋಲ್ ಸುಡುತ್ತಾನೆ. ಲೀಟರಿಗೆ 2.3 ಕಿಲೋ ಹಿಡಿದರೆ ದಿನಕ್ಕೆ ಐದು ಕಿಲೋ, ವಾರಕ್ಕೊಂದು ರಜೆ ಬಿಟ್ಟು ವರ್ಷಕ್ಕೆ ಒಂದೂವರೆ ಟನ್. ಅಂಥ ಐನೂರು ಜನ ಇದ್ದರೆ ಏಳೆಂಟು ನೂರು ಟನ್. ಪೆಟ್ರೋಲಿಗೆ ದುಡ್ಡು ಅವನ ಜೇಬಿನದು, ಗಾಡಿ ಅವನದು, ನಿಮ್ಮ ಭಾಷೆಯಲ್ಲಿ ಅವನು ‘ಪಾರ್ಟ್‌ನರ್’. ಹಾಗಾಗಿ ನಿಮ್ಮ ನೂರು ಟನ್ನಿನೊಳಗೆ ಅವನ ಹೊಗೆ ಬರಲೇ ಇಲ್ಲ. ಕಚೇರಿಯ ದೀಪದ ಲೆಕ್ಕಕ್ಕೆ ಆಫ್‌ಸೆಟ್ ಕೊಂಡು, ವ್ಯಾಪಾರದ ಅಸಲು ಹೊಗೆಯನ್ನು ಲೆಕ್ಕದಿಂದಾಚೆ ಇಟ್ಟು, ಬಿಲ್ಲಿನ ಮೇಲೆ ಎಲೆ ಅಚ್ಚು ಹಾಕಿಸುವುದಕ್ಕೆ ಏನನ್ನಬೇಕೋ ನೀವೇ ಹೇಳಿ. ಅವನಿಗೆ ಬ್ಯಾಟರಿ ಬದಲಿಸಿಕೊಳ್ಳುವ ಇ-ಸ್ಕೂಟರನ್ನು ಕಡಿಮೆ ಬಾಡಿಗೆಗೆ ಕೊಡಿಸಿ, ಹತ್ತು ನಿಮಿಷದ ಮಾತು ಬಿಟ್ಟು ಎರಡು ಮೂರು ಆರ್ಡರನ್ನು ಒಟ್ಟಿಗೆ ಕಳಿಸಿ. ಅವನ ಕೈಯಲ್ಲೂ ನಾಲ್ಕು ಕಾಸು ಉಳಿಯುತ್ತದೆ.

ಕರೆಂಟಿನದು ಸ್ವಲ್ಪ ತಲೆನೋವು, ಒಪ್ಪುತ್ತೇನೆ. ನಿಮ್ಮಲ್ಲಿ ಬಹಳ ಜನ ಬಾಡಿಗೆದಾರರು. ಮಹಡಿ ಓನರಿನದು, ಕೆಲವು ಕಡೆ ಮೀಟರೂ ಅವರದೇ. 2022ರ ಹಸಿರು ಮುಕ್ತ ಪ್ರವೇಶ ನಿಯಮದಿಂದ ನೂರು ಕಿಲೋವ್ಯಾಟ್ ಲೋಡ್ ಇದ್ದವರೂ ನೇರವಾಗಿ ನವೀಕರಿಸಬಹುದಾದ ವಿದ್ಯುತ್ ಕೊಳ್ಳಬಹುದು. ಒಂದೇ ಕಟ್ಟಡದ ಐದಾರು ಕಂಪನಿಗಳು ಸೇರಿ ಓನರಿನ ಮುಂದೆ ಕೂತರೆ ದಾರಿ ಸಿಕ್ಕೀತು. ಅಲ್ಲೂ ಅದೇ ಪ್ರಶ್ನೆ ಕೇಳಿ: ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಿಂದ ಈಗಾಗಲೇ ಗ್ರಿಡ್ಡಿಗೆ ಬರುತ್ತಿರುವ ಕರೆಂಟಿನ ಕಾಗದ ನಿಮ್ಮ ಹೆಸರಿಗಾಯಿತೋ, ನಿಮ್ಮ ಒಪ್ಪಂದದ ಬಲದಿಂದ ಹೊಸದೊಂದು ಫಲಕ ಬಿಸಿಲಿಗೆ ಬಂತೋ?

ಇಷ್ಟೆಲ್ಲ ಮಾಡಿದಮೇಲೂ ಹೊಗೆ ಉಳಿಯುತ್ತದೆ. ಅದಕ್ಕೆ ದುಡ್ಡು ಕೊಡುವುದು ಬೇಡ ಅನ್ನುತ್ತಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರೆ. ನನ್ನ ಸಲಹೆ, ಟನ್ನಿನ ಬದಲು ರೂಪಾಯಿಯಿಂದ ಶುರು ಮಾಡಿ. ನಮ್ಮ ಹೊಗೆಯ ಟನ್ನಿಗೆ ನಾವೇ ಎರಡು ಸಾವಿರ ರೂಪಾಯಿ ದಂಡ ಹಾಕಿಕೊಳ್ಳುತ್ತೇವೆ ಅನ್ನಿ. ನೂರು ಟನ್ನಿಗೆ ಎರಡು ಲಕ್ಷ. ಆ ಹಣದ ಮೊದಲ ಪಾಲು ಎಸಿ, ಜನರೇಟರ್, ಸ್ಕೂಟರಿಗೆ ಹೋಗಲಿ. ಮಿಕ್ಕದ್ದರಲ್ಲಿ ಐದೋ ಹತ್ತೋ ಟನ್ನಷ್ಟೇ ಬಂದರೂ ಚಿಂತೆಯಿಲ್ಲ, ಗಟ್ಟಿಯಾದದ್ದನ್ನು ಕೊಳ್ಳಿ. ಗುಜರಾತಿನಲ್ಲಿ ಬಳ್ಳಾರಿ ಜಾಲಿಯನ್ನು ಇದ್ದಿಲು ಮಾಡಿ ಮಣ್ಣಿಗೆ ಸೇರಿಸುವ ಬಯೋಚಾರ್ ಕೆಲಸ ನಡೆಯುತ್ತಿದೆ. ಅದನ್ನು ಮಾಡುತ್ತಿರುವುದೂ ನಿಮ್ಮಂಥದೇ ಒಂದು ಭಾರತೀಯ ಸ್ಟಾರ್ಟ್‌ಅಪ್. 2025ರ ಜನವರಿಯಲ್ಲಿ ಗೂಗಲ್ ಕಂಪನಿಯು ಆ ಸ್ಟಾರ್ಟ್‌ಅಪ್‌ನಿಂದ ಒಂದು ಲಕ್ಷ ಟನ್ ಕ್ರೆಡಿಟ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಇದ್ದಿಲಾದ ಇಂಗಾಲ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ತೂಕ ಹಾಕಿ ನೋಡಬಹುದು. ಆ ಜಾಲಿಯನ್ನು ಮೊದಲು ಸೌದೆಗೆ ಕಡಿಯುತ್ತಿದ್ದ ಬಡವರು ಈಗ ಏನು ಉರಿಸುತ್ತಾರೆ ಅಂತಲೂ ಕೇಳಿ. ಮಾರುವವರು ಉತ್ತರ ಇಟ್ಟುಕೊಂಡಿದ್ದರೆ ಅದು ಒಳ್ಳೆಯ ಲಕ್ಷಣ.

ಆದರೆ ಹಾಗೆ ಕೊಟ್ಟದ್ದನ್ನು ದೇಣಿಗೆ ಅನ್ನಿ, ‘ನಮ್ಮ ಹೊಗೆ ಸೊನ್ನೆ’ ಅನ್ನಬೇಡಿ. ಕಾನೂನೂ ಆ ಕಡೆಗೇ ಹೊರಳುತ್ತಿದೆ. ಪರಿಸರದ ಹೆಸರಿನಲ್ಲಿ ಹೇಳಿಕೆ ಕೊಡುವವರು ಪುರಾವೆ ಇಟ್ಟುಕೊಂಡಿರಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಯುರೋಪಿಗೆ ಸರಕು ಕಳಿಸುವವರಂತೂ ಇನ್ನಷ್ಟು ಎಚ್ಚರವಾಗಿರಬೇಕು. ಆಫ್‌ಸೆಟ್ ನಂಬಿಕೊಂಡು ಒಂದು ವಸ್ತುವನ್ನು ಕಾರ್ಬನ್ ನ್ಯೂಟ್ರಲ್ ಅನ್ನುವುದು 2026ರ ಸೆಪ್ಟೆಂಬರ್ 27ರಿಂದ ಅಲ್ಲಿ ನಿಷಿದ್ಧ.

ಕೊನೆಗೆ ನನ್ನ ಬೇಡಿಕೆ ಇಷ್ಟು. ಎಲೆಯ ಚಿತ್ರ ತೆಗೆದು ಆ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ: ಡೆಲಿವರಿಯವರದೂ ಸೇರಿಸಿ ಈ ವರ್ಷ ನಮ್ಮ ಹೊಗೆ ಎಷ್ಟು; ಹೋದ ವರ್ಷಕ್ಕಿಂತ ಎಷ್ಟು ಇಳಿಯಿತು, ಯಾವುದರಿಂದ; ಯಾವ ಯೋಜನೆಯ ಯಾವ ವರ್ಷದ ಕ್ರೆಡಿಟ್ಟನ್ನು ಟನ್ನಿಗೆ ಎಷ್ಟು ಕೊಟ್ಟು ಕೊಂಡೆವು; ಅದನ್ನು ಯಾಕೆ ನಂಬಿದೆವು. ಆ ನಾಲ್ಕನೆಯ ಸಾಲಿಗೆ ಮಾರಿದವರ ಜಾಹೀರಾತಿನ ಮಾತನ್ನು ಎತ್ತಿ ಅಂಟಿಸಬೇಡಿ. ನೀವೇ ಕೂತು, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಆ ಕ್ರೆಡಿಟ್ ಕೊಳ್ಳಬೇಡಿ.

ಇತಿ,
ನಿಮ್ಮ ಕರೆಂಟು ಬಿಲ್ಲು ಓದುವ ಒಬ್ಬ ಲೆಕ್ಕಿಗ
ಬೆಂಗಳೂರು